ಮೃತನಕ್ಷತ್ರದ ನಾಡಿ ಹಿಡಿದ ಗಣೇಶಖಿಂಡ

ಪುಣೆ ವಿಶ್ವವಿದ್ಯಾನಿಲಯದ ಹೆಬ್ಬಾಗಿಲಿನ ಮುಂದೆ ದಿನವೂ ಹಾದುಹೋಗುವ ಕನ್ನಡಿಗರು ಸ್ವಲ್ಪ ಮಂದಿಯಲ್ಲ. ಔಂಧ, ಬಾಣೇರ, ಪಾಷಾಣಗಳ ಕಡೆಯ ಹೋಟೆಲುಗಳಿಗೆ ನಸುಕಿನಲ್ಲಿಯೇ ಹೊರಡುವ ಭಟ್ಟರು, ಮಾಣಿಗಳು, ಶಿವಾಜಿನಗರದ ಕಚೇರಿಗಳಿಗೆ ಬಸ್ಸು ಹಿಡಿಯುವ ಗುಮಾಸ್ತರು ಎಲ್ಲರಿಗೂ ಆ ವೃತ್ತವೂ ಅಲ್ಲಿಯ ವಾಹನಗಳ ನೂಕುನುಗ್ಗಲೂ ಚಿರಪರಿಚಿತ. ಆದರೆ ಆ ಆವರಣದ ಮರಗಳ ಮರೆಯಲ್ಲಿ ಆಕಾಶದ ಸತ್ತ ನಕ್ಷತ್ರಗಳ ನಾಡಿಯನ್ನು ಎಣಿಸುವ ಕೆಲಸ ವರ್ಷಗಟ್ಟಲೆಯಿಂದ ನಡೆದಿದೆ ಎಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ. ಆ ಕೆಲಸದ ಮೊದಲ ಪುಟಗಳಲ್ಲಿ ಉಡುಪಿಯ ಹೆಸರೂ ನಂಜನಗೂಡಿನ ಹೆಸರೂ ಬರೆದಿವೆ ಎಂಬುದನ್ನು ಬಲ್ಲವರಂತೂ ಇನ್ನೂ ವಿರಳ. ಆದ್ದರಿಂದ ಈ ವಿಷಯವನ್ನು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಲು ಬಯಸುತ್ತೇವೆ.

ಸಂಸ್ಥೆಯ ಹೆಸರು ಉದ್ದನೆಯದು: ಖಗೋಲವಿಜ್ಞಾನ ಮತ್ತು ಖಭೌತವಿಜ್ಞಾನಗಳ ಅಂತರ-ವಿಶ್ವವಿದ್ಯಾನಿಲಯ ಕೇಂದ್ರ. ಪುಣೆಯವರು ಅದನ್ನು ಮೊಟಕುಮಾಡಿ 'ಆಯುಕಾ' ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ. ಕೊಲ್ಹಾಪುರದಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಕೀರ್ತಿ ಗಳಿಸಿದ ಜಯಂತ ನಾರಳೀಕರರು ೧೯೮೮ರಲ್ಲಿ ಇದನ್ನು ಸ್ಥಾಪಿಸಿದರು. ೨೦೨೫ರ ಮೇ ತಿಂಗಳಲ್ಲಿ ಅವರು ಪುಣೆಯಲ್ಲಿಯೇ ತೀರಿಕೊಂಡರು. ಹೆಸರಿನಲ್ಲಿರುವ 'ಅಂತರ-ವಿಶ್ವವಿದ್ಯಾನಿಲಯ' ಎಂಬ ಮಾತು ಬರಿಯ ಅಲಂಕಾರವಲ್ಲ. ದೇಶದ ಯಾವ ಮೂಲೆಯ ಕಾಲೇಜಿನ ಉಪಾಧ್ಯಾಯನಾದರೂ ಇಲ್ಲಿಗೆ ಬಂದು ಉಳಿದು, ಗ್ರಂಥಗಳನ್ನೂ ಗಣಕಗಳನ್ನೂ ಬಳಸಿಕೊಂಡು, ಸಂಶೋಧನೆ ನಡೆಸಿ ಹಿಂದಿರುಗಲೆಂದೇ ಈ ಕೇಂದ್ರವನ್ನು ಕಟ್ಟಲಾಯಿತು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಏನಿದು ಸತ್ತ ನಕ್ಷತ್ರ?

ನಕ್ಷತ್ರವೂ ಒಂದು ಒಲೆಯೇ. ಒಡಲಲ್ಲಿ ಉರುವಲು ಇರುವತನಕ ಉರಿಯುತ್ತದೆ. ಉರಿಯ ಒತ್ತಡವು ಹೊರಕ್ಕೆ, ಸ್ವಂತ ಭಾರವು ಒಳಕ್ಕೆ ಎಳೆದಾಡುತ್ತ ಸಮತೋಲದಲ್ಲಿ ನಿಂತಿರುತ್ತದೆ. ಸೂರ್ಯನಿಗಿಂತ ಎಂಟು ಪಟ್ಟಿಗೂ ಮೀರಿದ ತೂಕದ ನಕ್ಷತ್ರದಲ್ಲಿ ಉರುವಲು ಮುಗಿದಾಗ ಒಳತಿರುಳು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ಹೊರಮೈ ಸಿಡಿದು ಚೆದುರಿಹೋಗುತ್ತದೆ. ಗದಗ ಹುಬ್ಬಳ್ಳಿಗಳ ಜಿನ್ನಿಂಗ್ ಕಾರ್ಖಾನೆಗಳಲ್ಲಿ ಕೋಣೆ ತುಂಬುವ ಅರಳೆಯನ್ನು ಒತ್ತಿ ಒತ್ತಿ ಒಂದು ಬೇಲು ಮಾಡುವುದನ್ನು ಕಂಡವರುಂಟು. ಅರಳೆಯೊಳಗಿನ ಗಾಳಿ ಹೋದರೆ ಉಳಿಯುವುದು ಅಷ್ಟೇ. ಪರಮಾಣುವಿನಲ್ಲಿಯೂ ಬಹುಪಾಲು ಬರಿಯ ಪೊಳ್ಳು. ಕುಸಿಯುವ ನಕ್ಷತ್ರದ ತಿರುಳಿನಲ್ಲಿ ಆ ಪೊಳ್ಳೂ ಇಲ್ಲವಾಗುವಂತೆ ಒತ್ತಡ ಬೀಳುತ್ತದೆ. ಎಲೆಕ್ಟ್ರಾನುಗಳು ಪ್ರೋಟಾನುಗಳೊಳಗೆ ನುಗ್ಗಿ ಎರಡೂ ಸೇರಿ ನ್ಯೂಟ್ರಾನುಗಳಾಗುತ್ತವೆ. ಕೊನೆಗೆ ಉಳಿಯುವ ಗುಂಡೇ ನ್ಯೂಟ್ರಾನ್ ನಕ್ಷತ್ರ.

ಅದರ ಅಳತೆಯನ್ನು ಪುಣೆಯವರಿಗೆ ಹೇಳುವುದು ಸುಲಭ. ಕಾತ್ರಜದಿಂದ ನಿಗಡಿಯವರೆಗೆ ನಕ್ಷೆಯ ಮೇಲೆ ನೇರವಾದ ಗೆರೆ ಎಳೆದರೆ ಸುಮಾರು ೨೪ ಕಿಲೋಮೀಟರು. ನ್ಯೂಟ್ರಾನ್ ನಕ್ಷತ್ರದ ಅಡ್ಡಗಲವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದರ ತೂಕ ಸೂರ್ಯನ ತೂಕದ ಒಂದೂವರೆ ಪಟ್ಟಿನ ಆಸುಪಾಸು. ಚಹಾಕ್ಕೆ ಸಕ್ಕರೆ ಹಾಕುವ ಚಮಚದಷ್ಟು ಆ ವಸ್ತುವನ್ನು ತೆಗೆದು ತೂಗಿದರೆ ನೂರು ಕೋಟಿ ಟನ್ನಿಗೂ ಮಿಕ್ಕೀತು. ಇದು ಪುರಾಣದ ಅತಿಶಯೋಕ್ತಿಯಲ್ಲ. ಭಾಗಾಕಾರ ಬಲ್ಲ ಯಾವ ಗುಮಾಸ್ತನಾದರೂ ತಾಳೆ ನೋಡಬಹುದಾದ ಲೆಕ್ಕ.

ಇಂತಹ ನಕ್ಷತ್ರವಿರಬಹುದೆಂದು ೧೯೩೪ರಲ್ಲಿಯೇ ಬಾಡೆ ಮತ್ತು ಜ್ವಿಕಿ ಎಂಬ ಇಬ್ಬರು ವಿಜ್ಞಾನಿಗಳು ಊಹಿಸಿದ್ದರು. ನ್ಯೂಟ್ರಾನ್ ಕಣವನ್ನೇ ಚಾಡ್ವಿಕ್ ಕಂಡುಹಿಡಿದದ್ದು ೧೯೩೨ರಲ್ಲಿ ಎಂಬುದನ್ನು ನೆನೆದರೆ ಆ ಊಹೆಯ ಧೈರ್ಯ ತಿಳಿಯುತ್ತದೆ. ಅದಕ್ಕೂ ಮುನ್ನ, ೧೯೩೦ರಲ್ಲಿ, ಹತ್ತೊಂಬತ್ತು ವರ್ಷದ ಭಾರತೀಯ ತರುಣನೊಬ್ಬನು ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಕುಳಿತು, ಸತ್ತ ನಕ್ಷತ್ರದ ತಿರುಳು ಸೂರ್ಯನ ೧.೪ ಪಟ್ಟು ತೂಕವನ್ನು ಮೀರಿದರೆ ಶ್ವೇತಕುಬ್ಜವಾಗಿ ನಿಲ್ಲಲಾರದೆಂಬ ಲೆಕ್ಕಕ್ಕೆ ಕೈಹಾಕಿದ್ದನು. ಆತನೇ ಸುಬ್ರಹ್ಮಣ್ಯನ್ ಚಂದ್ರಶೇಖರ್. ಲಂಡನ್ನಿನ ವಿದ್ವತ್ಸಭೆಯಲ್ಲಿ ಎಡಿಂಗ್ಟನ್ ಎಂಬ ದೊಡ್ಡ ಪಂಡಿತನು ಈ ಲೆಕ್ಕವನ್ನು ಗೇಲಿ ಮಾಡಿದನು. ನೊಬೆಲ್ ಪಾರಿತೋಷಕ ಬಂದದ್ದು ೧೯೮೩ರಲ್ಲಿ.

ಊಹೆ ನಿಜವಾದದ್ದು ೧೯೬೭ರಲ್ಲಿ. ಕೇಂಬ್ರಿಜ್ಜಿನಲ್ಲಿ ವಿದ್ಯಾರ್ಥಿನಿಯಾಗಿದ್ದ ಜೋಸೆಲಿನ್ ಬೆಲ್ ಎಂಬಾಕೆಯು ರೇಡಿಯೋ ದೂರದರ್ಶಕದ ಕಾಗದದ ಸುರುಳಿಗಳನ್ನು ಗಜಗಟ್ಟಲೆ ನೋಡುತ್ತಿದ್ದಾಗ ೧.೩೩೭ ಸೆಕೆಂಡಿಗೊಮ್ಮೆ ತಪ್ಪದೆ ಬರುವ ಮಿಡಿತವೊಂದನ್ನು ಗುರುತಿಸಿದಳು. ಸುತ್ತುವ ನ್ಯೂಟ್ರಾನ್ ನಕ್ಷತ್ರವು ಬಂದರಿನ ದೀಪಸ್ತಂಭದಂತೆ ಪ್ರತಿ ಸುತ್ತಿಗೂ ನಮ್ಮ ಕಡೆಗೆ ಒಮ್ಮೆ ಕಿರಣ ಬೀರುವುದೇ ಆ ಮಿಡಿತ. ಮಲ್ಪೆಯ ಕಡಲಿನಲ್ಲಾಗಲಿ ಕಾಪಿನ ಕಡಲಿನಲ್ಲಾಗಲಿ ದೀಪಸ್ತಂಭವನ್ನು ಕಂಡು ಬೆಳೆದ ನಮ್ಮ ಕರಾವಳಿಯವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಕ್ಷ-ಕಿರಣ ನೆಲಕ್ಕೇಕೆ ಇಳಿಯದು?

ಕಬ್ಬಿಣವು ಕಾದಂತೆಲ್ಲ ಮೊದಲು ಬರಿಯ ಝಳ, ಆಮೇಲೆ ಕೆಂಪು, ಕೊನೆಗೆ ಬೆಳ್ಳಗಿನ ಬೆಳಕು. ಕಮ್ಮಾರನಿಗೆ ಇದು ಗೊತ್ತು, ಕಾವಲಿಯ ಮುಂದೆ ನಿಲ್ಲುವ ಭಟ್ಟರಿಗೂ ಅರ್ಧ ಗೊತ್ತು. ಅದೇ ಸರಣಿಯಲ್ಲಿ ಮುಂದೆ ಹೋಗಿ ಹತ್ತು ಲಕ್ಷ, ಕೋಟಿ ಡಿಗ್ರಿಗೆ ಕಾಯಿಸಿದ ವಸ್ತು ಕ್ಷ-ಕಿರಣವನ್ನು ಸೂಸುತ್ತದೆ. ಜೊತೆಯ ನಕ್ಷತ್ರವೊಂದರಿಂದ ಅನಿಲವನ್ನು ಸೆಳೆದುಕೊಳ್ಳುವ ನ್ಯೂಟ್ರಾನ್ ನಕ್ಷತ್ರದ ಮೇಲೆ ಬೀಳುವ ವಸ್ತುವಿಗೆ ಈ ಕಾವು ಬರುತ್ತದೆ. ಅಲ್ಲಿ ಒಂದು ಚಿಟಿಕೆ ವಸ್ತು ಬಿದ್ದಾಗ ಹೊರಬೀಳುವ ಶಕ್ತಿಯು, ಅಷ್ಟೇ ವಸ್ತು ಸೂರ್ಯನ ಒಡಲಿನ ಪರಮಾಣು ಒಲೆಯಲ್ಲಿ ಕೊಡುವ ಶಕ್ತಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಹೀಗಾಗಿ ಸತ್ತ ನಕ್ಷತ್ರಗಳ ಸಮಾಚಾರ ಬೇಕಾದವರು ಕ್ಷ-ಕಿರಣವನ್ನೇ ಕೇಳಬೇಕು.

ಆದರೆ ಆಸ್ಪತ್ರೆಯಲ್ಲಿ ಮೈಯೊಳಗಿಂದ ಹಾಯುವ ಈ ಕಿರಣ ಆಕಾಶದಿಂದ ನೆಲಕ್ಕೆ ಮಾತ್ರ ಇಳಿಯದು. ಕಾರಣ ಸರಳ. ಮನುಷ್ಯನ ಎದೆ ಒಂದು ಗೇಣಿನ ದಪ್ಪ. ನಮ್ಮ ತಲೆಯ ಮೇಲಿನ ವಾಯುಮಂಡಲದ ತೂಕವೋ ಹತ್ತು ಮೀಟರು ನೀರಿನ ತೂಕಕ್ಕೆ ಸಮ. ಮೂವತ್ತಮೂರು ಅಡಿ ಆಳದ ಬಾವಿಯ ತಳದಲ್ಲಿ ಕುಳಿತು ಕ್ಷ-ಕಿರಣಕ್ಕಾಗಿ ಕಾದಂತೆ. ಆದ್ದರಿಂದ ಉಪಕರಣವನ್ನು ಮೇಲಕ್ಕೆ ಕಳಿಸಬೇಕು: ಬಲೂನಿನಲ್ಲಿ, ರಾಕೆಟ್ಟಿನಲ್ಲಿ, ಇಲ್ಲವೆ ಉಪಗ್ರಹದಲ್ಲಿ.

ಅಮೆರಿಕದಲ್ಲಿ ರಿಕಾರ್ಡೊ ಜಾಕೋನಿ ಮತ್ತು ಅವನ ಸಂಗಡಿಗರು ೧೯೬೨ರ ಜೂನಿನಲ್ಲಿ ರಾಕೆಟ್ಟೊಂದನ್ನು ಹಾರಿಸಿದಾಗ ವೃಶ್ಚಿಕ ರಾಶಿಯ ದಿಕ್ಕಿನಿಂದ ಬರುವ ಪ್ರಬಲ ಕ್ಷ-ಕಿರಣವು ಅನಿರೀಕ್ಷಿತವಾಗಿ ಸಿಕ್ಕಿತು. ಸೂರ್ಯನ ಆಚೆಗೆ ಸಿಕ್ಕ ಮೊದಲ ಕ್ಷ-ಕಿರಣದ ನೆಲೆ ಅದು. ೧೯೭೦ರ ಡಿಸೆಂಬರ್ ೧೨ರಂದು, ಕೀನ್ಯಾ ದೇಶದ ಸ್ವಾತಂತ್ರ್ಯ ದಿನದಂದು, ಆ ದೇಶದ ಕಡಲತೀರದಿಂದ ಹಾರಿದ ಉಪಗ್ರಹಕ್ಕೆ ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯವೆಂಬ ಅರ್ಥದ 'ಉಹುರು' ಎಂಬ ಹೆಸರಿಟ್ಟರು. ಕ್ಷ-ಕಿರಣದಲ್ಲಿ ಆಕಾಶದ ಮೊದಲ ಪಟ್ಟಿ ಅದರಿಂದ ಆಯಿತು.

ನಂಜನಗೂಡು, ಅದಮಾರು, ಪೀಣ್ಯ

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಅಡಿಗಲ್ಲಿಟ್ಟವರಲ್ಲಿ ಮುಖ್ಯರು ಬಿ. ವಿ. ಶ್ರೀಕಂಠನ್. ೧೯೨೫ರಲ್ಲಿ ನಂಜನಗೂಡಿನಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ೧೯೪೮ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದವರು. ಹೊಟ್ಟೆಪಾಡಿಗಾಗಿ ಅದೇ ಕಾಲದಲ್ಲಿ ಮುಂಬಯಿಗೆ ರೈಲು ಹತ್ತಿದ ಸಾವಿರಾರು ಕನ್ನಡಿಗರ ಸಮಕಾಲೀನರು ಅವರು. ವಿಶ್ವಕಿರಣಗಳ ಕಣಗಳನ್ನು ಹಿಡಿಯಲು ಕೋಲಾರದ ಚಿನ್ನದ ಗಣಿಯ ಆಳಕ್ಕೆ ಉಪಕರಣಗಳನ್ನು ಇಳಿಸಿದವರು, ಮುಂದೆ ಕ್ಷ-ಕಿರಣಗಳನ್ನು ಹಿಡಿಯಲು ಹೈದರಾಬಾದಿನಿಂದ ಬಲೂನುಗಳನ್ನು ಆಕಾಶಕ್ಕೇರಿಸಿದ ಕೆಲಸಕ್ಕೂ ಅವರೇ ಪ್ರವರ್ತಕರಾದರು. ೧೯೬೮ರಲ್ಲಿ ಮೊದಲ ಬಲೂನು ಹಾರಿ ವೃಶ್ಚಿಕದ ಅದೇ ನೆಲೆಯನ್ನು ನೋಡಿತು. ಒಂದು ಬದುಕಿನಲ್ಲಿ ಪಾತಾಳವನ್ನೂ ಅಂತರಿಕ್ಷವನ್ನೂ ಶೋಧಿಸಿದ ಅವರು ೨೦೧೯ರಲ್ಲಿ ತೀರಿಕೊಂಡಾಗ ನಮ್ಮ ಜನರಲ್ಲಿ ಆ ಸುದ್ದಿ ಎಷ್ಟು ಮಂದಿಯನ್ನು ಮುಟ್ಟಿತೋ ಸಂಶಯ.

ಎರಡನೆಯ ಹೆಸರು ಎಲ್ಲರೂ ಬಲ್ಲದ್ದು. ಉಡುಪಿಯ ಬಳಿಯ ಅದಮಾರಿನಲ್ಲಿ ೧೯೩೨ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾಯರು. ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿಯವರ ಶಿಷ್ಯರಾಗಿ, ಅಮೆರಿಕದಲ್ಲಿ ಕೆಲಕಾಲ ದುಡಿದು ಹಿಂದಿರುಗಿ, ೧೯೭೨ರಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ದೇಶದ ಮೊದಲ ಉಪಗ್ರಹದ ಕೆಲಸವನ್ನಾರಂಭಿಸಿದರು. ತಗಡಿನ ಮಾಡಿನ ಕೆಳಗೆ ಸಿದ್ಧವಾದ ೩೬೦ ಕಿಲೋಗ್ರಾಮಿನ 'ಆರ್ಯಭಟ' ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಹಾರಿತು. ಅದರಲ್ಲಿದ್ದ ಮೂರು ಪ್ರಯೋಗಗಳಲ್ಲಿ ಒಂದು ಕ್ಷ-ಕಿರಣ ಖಗೋಲದ್ದು. ನಾಲ್ಕೈದು ದಿನಗಳಲ್ಲಿಯೇ ಪ್ರಯೋಗಗಳಿಗೆ ವಿದ್ಯುತ್ತು ಒದಗಿಸುವ ಭಾಗ ಕೆಟ್ಟು ಆ ಮೂರೂ ನಿಂತವು. ಉಪಗ್ರಹದ ಉಳಿದ ಅಂಗಗಳಿಂದ ಕಲಿಯಬೇಕಾದ್ದನ್ನೆಲ್ಲ ಕಲಿತರು. ಆದರೆ ಭಾರತದ ಮೊದಲ ಉಪಗ್ರಹವೇ ನಕ್ಷತ್ರಗಳ ಕ್ಷ-ಕಿರಣವನ್ನು ನೋಡಲು ಹೊರಟಿತ್ತೆಂಬುದು ಪಾಠಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಮಾತಾಗಿದೆ. ಉಡುಪಿಯ ಹೆಸರನ್ನು ಹೊತ್ತ ಫಲಕಗಳು ಪುಣೆಯ ಪ್ರತಿ ಪೇಟೆಯಲ್ಲಿವೆ. ಅದೇ ಹೆಸರನ್ನು ತನ್ನ ಹೆಸರಿನ ಮೊದಲಕ್ಷರವಾಗಿ ಹೊತ್ತವರು ಬಾಹ್ಯಾಕಾಶಕ್ಕೆ ಹೋದ ದಾರಿಯನ್ನು ಆ ಫಲಕಗಳ ಕೆಳಗೆ ದುಡಿಯುವವರು ತಿಳಿದಿರಬೇಕೆಂದು ನಮ್ಮ ಅಪೇಕ್ಷೆ. ರಾಯರು ೨೦೧೭ರ ಜುಲೈಯಲ್ಲಿ ನಿಧನರಾದರು. ಮರುವರ್ಷ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು.

ಆಮೇಲೆ ೧೯೯೬ರಲ್ಲಿ ಭೂಸರ್ವೇಕ್ಷಣೆಯ ಉಪಗ್ರಹವೊಂದರ ಜೊತೆಯಲ್ಲಿ ಸಣ್ಣ ಕ್ಷ-ಕಿರಣ ಉಪಕರಣಗಳು ಹಾರಿದವು. ಆದರೆ ಖಗೋಲವಿಜ್ಞಾನಕ್ಕೆಂದೇ ಪೂರ್ಣವಾಗಿ ಮೀಸಲಾದ ಭಾರತೀಯ ಉಪಗ್ರಹಕ್ಕಾಗಿ ಆರ್ಯಭಟದಿಂದ ನಲವತ್ತು ವರ್ಷ ಕಾಯಬೇಕಾಯಿತು.

ಆಸ್ಟ್ರೋಸ್ಯಾಟ್

೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಹಾರಿದ ಆಸ್ಟ್ರೋಸ್ಯಾಟ್ ಭೂಮಿಯಿಂದ ೬೫೦ ಕಿಲೋಮೀಟರು ಎತ್ತರದಲ್ಲಿ, ವಿಷುವದ್ವೃತ್ತಕ್ಕೆ ಸಮೀಪವಾಗಿ ಸುತ್ತತೊಡಗಿತು. ಒಂದೂವರೆ ಟನ್ನಿನ ಈ ಉಪಗ್ರಹವನ್ನು ಕಟ್ಟಿದ್ದು ಬೆಂಗಳೂರಿನಲ್ಲಿ. ಉಪಕರಣಗಳು ಮುಂಬಯಿ, ಬೆಂಗಳೂರು, ಪುಣೆ, ಅಹಮದಾಬಾದು, ತಿರುವನಂತಪುರ ಮೊದಲಾದ ಊರುಗಳ ವಿಜ್ಞಾನಿಗಳ ಕೈಕೆಲಸ. ಕೆನಡಾ ಮತ್ತು ಇಂಗ್ಲೆಂಡುಗಳ ನೆರವೂ ಇತ್ತು. ಅತಿನೇರಳೆ ಬೆಳಕಿನ ದೂರದರ್ಶಕವೂ ಅದರಲ್ಲುಂಟು. ಇಲ್ಲಿ ಅದನ್ನು ಬದಿಗಿರಿಸಿ ಕ್ಷ-ಕಿರಣದ ಮೂರು ಉಪಕರಣಗಳ ಮಾತನ್ನಷ್ಟೇ ಆಡುತ್ತೇವೆ.

ಮೊದಲನೆಯದು ಮೃದು ಕ್ಷ-ಕಿರಣಗಳ ದೂರದರ್ಶಕ. ಕ್ಷ-ಕಿರಣವು ಕನ್ನಡಿಗೆ ನೇರವಾಗಿ ಬಡಿದರೆ ಒಳಹೊಕ್ಕುಬಿಡುತ್ತದೆ, ಪ್ರತಿಫಲಿಸುವುದಿಲ್ಲ. ಕೆರೆಯ ನೀರಿಗೆ ಚಪ್ಪಟೆ ಕಲ್ಲನ್ನು ನೇರವಾಗಿ ಹಾಕಿದರೆ ಮುಳುಗುತ್ತದೆ. ಓರೆಯಾಗಿ ಬೀಸಿದರೆ ನೀರನ್ನು ಸವರಿಕೊಂಡು ಪುಟಿಯುತ್ತ ಹೋಗುತ್ತದೆ. ಅದೇ ಉಪಾಯದಿಂದ ಚಿನ್ನ ಲೇಪಿಸಿದ ತೆಳುಹಾಳೆಗಳನ್ನು ಈರುಳ್ಳಿಯ ಪದರಗಳಂತೆ ಒಂದರೊಳಗೊಂದು ಜೋಡಿಸಿ ಕಿರಣಗಳನ್ನು ಸವರಿ ಬಾಗಿಸುತ್ತಾರೆ. ಎರಡನೆಯದು ಮೂರು ದೊಡ್ಡ ಅನಿಲದ ಪೆಟ್ಟಿಗೆಗಳು. ಒಳಗೆ ಕ್ಸೆನಾನ್ ಅನಿಲ, ಒಂದೊಂದು ಕಿರಣಕಣ ಬಂದ ಕ್ಷಣವನ್ನೂ ಸೆಕೆಂಡಿನ ಲಕ್ಷದ ಒಂದು ಭಾಗದ ಸೂಕ್ಷ್ಮದಲ್ಲಿ ಬರೆದಿಡುವ ಯಂತ್ರ. ನ್ಯೂಟ್ರಾನ್ ನಕ್ಷತ್ರದ ಸುತ್ತು ಎಷ್ಟು ವೇಗ, ಅದರ ಕಾಂತಕ್ಷೇತ್ರ ಎಷ್ಟು ಪ್ರಬಲ ಎಂಬ ಲೆಕ್ಕಗಳಿಗೆ ಇದರ ರೋಜುಕೀರ್ದಿಯೇ ಆಧಾರ. ಈ ಎರಡೂ ಮುಂಬಯಿಯ ಟಾಟಾ ಸಂಸ್ಥೆಯ ನೇತೃತ್ವದವು.

ಮೂರನೆಯದೇ ಪುಣೆಗೆ ಸಂಬಂಧಪಟ್ಟದ್ದು. ಕ್ಯಾಡ್ಮಿಯಂ, ಸತು, ಟೆಲ್ಯುರಿಯಂ ಎಂಬ ಮೂರು ಧಾತುಗಳ ಸ್ಫಟಿಕದ ೬೪ ಬಿಲ್ಲೆಗಳು, ಪ್ರತಿ ಬಿಲ್ಲೆಯಲ್ಲಿ ೨೫೬ ಚೌಕ; ಒಟ್ಟು ೧೬,೩೮೪ ಪುಟ್ಟ ಕಣ್ಣುಗಳು. ಅವುಗಳ ಮೇಲೆ ತೂತುತೂತಾದ ಲೋಹದ ಜಾಲರಿ. ಹಳೆಯ ಮನೆಗಳ ಜಾಲಂಧ್ರದ ಮೂಲಕ ಬಿದ್ದ ಬಿಸಿಲಿನ ಚಿತ್ತಾರವನ್ನು ಕಂಡು ಸೂರ್ಯ ಎಲ್ಲಿದ್ದಾನೆಂದು ಹೇಳಬಹುದಷ್ಟೆ. ಹಾಗೆಯೇ ಜಾಲರಿಯ ನೆರಳಿನಿಂದ ಕಿರಣ ಬಂದ ದಿಕ್ಕನ್ನು ಲೆಕ್ಕ ಹಾಕುತ್ತಾರೆ. ಈ ಉಪಕರಣವು ಕಳಿಸುವ ಮಾಹಿತಿಯನ್ನು ಮೊದಲು ಓದಿ, ಶುದ್ಧಗೊಳಿಸಿ, ವಿಜ್ಞಾನಿಗಳಿಗೆ ಹಂಚುವ ಕಚೇರಿಯೇ ಗಣೇಶಖಿಂಡದ ಆಯುಕಾದಲ್ಲಿರುವುದು. ೨೦೧೫ರ ಅಕ್ಟೋಬರ್ ೬ರಂದು ಉಪಕರಣಕ್ಕೆ ಚಾಲನೆ ಕೊಟ್ಟ ಮೊದಲ ದಿನವೇ ಅದು ದೂರದ ಬ್ರಹ್ಮಾಂಡದಿಂದ ಬಂದ ಗಾಮಾ-ಕಿರಣದ ಸ್ಫೋಟವೊಂದನ್ನು ಹಿಡಿಯಿತು. ಅಂಗಡಿ ತೆರೆದ ದಿನವೇ ದೊಡ್ಡ ಗಿರಾಕಿ ಬಂದಂತಾಯಿತು.

ಮಾಹಿತಿ ಬರುವ ದಾರಿಯೂ ನಮಗೆ ವಿಶೇಷವಾಗಿ ತೋರುತ್ತದೆ. ಉಪಗ್ರಹವು ತನ್ನ ದಾಖಲೆಗಳನ್ನು ಮೊದಲು ಇಳಿಸುವುದು ಬೆಂಗಳೂರಿನ ಹೊರಗಿನ ಬ್ಯಾಲಾಳು ಎಂಬ ಹಳ್ಳಿಯ ನಿಲ್ದಾಣಕ್ಕೆ. ಅಲ್ಲಿಂದ ಪುಣೆಗೂ ಮುಂಬಯಿಗೂ ಬರುತ್ತದೆ. ನಮ್ಮ ಹಿರಿಯರ ಕಾಲದಲ್ಲಿ ಇಲ್ಲಿಂದ ಊರಿಗೆ ಮನಿಯಾರ್ಡರು ಹೋಗುತ್ತಿತ್ತು. ಈಗ ನಕ್ಷತ್ರಗಳ ಟಪಾಲು ಊರಿನಿಂದ ಇಲ್ಲಿಗೆ ಬರುತ್ತಿದೆ.

ವೃಷಭದ ಕೊಂಬಿನ ಬಳಿಯ ಏಡಿ

ಕ್ರಿ. ಶ. ೧೦೫೪ರ ಜುಲೈ ತಿಂಗಳಲ್ಲಿ ಚೀನದೇಶದ ಜೋಯಿಸರು ಆಕಾಶದಲ್ಲಿ 'ಅತಿಥಿ ನಕ್ಷತ್ರ'ವೊಂದನ್ನು ಕಂಡು ಬರೆದಿಟ್ಟರು. ಇಪ್ಪತ್ತಮೂರು ದಿನ ಹಗಲಿನಲ್ಲಿಯೂ ಕಾಣಿಸುತ್ತಿದ್ದ ಅದು ರಾತ್ರಿಯ ಆಕಾಶದಲ್ಲಿ ಸುಮಾರು ಎರಡು ವರ್ಷ ಉಳಿಯಿತು. ಆಗ ಕಲ್ಯಾಣದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರನು ಆಳುತ್ತಿದ್ದನು; ಇಂದಿನ ಪುಣೆಯ ಆಸುಪಾಸಿನಿಂದ ಬೀದರದವರೆಗಿನ ರೈತರೂ ದನಗಾಹಿಗಳೂ ತಲೆಯೆತ್ತಿದ್ದರೆ ಅದನ್ನು ಕಂಡಿರಲೇಬೇಕು. ಆ ನಕ್ಷತ್ರ ಸಿಡಿದ ಚೂರುಗಳು ಇಂದು ಏಡಿ ನೀಹಾರಿಕೆಯೆಂಬ ಮಂಜಿನ ರಾಶಿಯಾಗಿ ಕಾಣುತ್ತವೆ. ದೂರ ಸುಮಾರು ೬,೫೦೦ ಜ್ಯೋತಿರ್ವರ್ಷ. ಅದರ ನಡುವೆ ಇರುವ ನ್ಯೂಟ್ರಾನ್ ನಕ್ಷತ್ರವು ಸೆಕೆಂಡಿಗೆ ಸುಮಾರು ಮೂವತ್ತು ಸುತ್ತು ತಿರುಗುತ್ತದೆ. ನಮ್ಮ ಕೋಣೆಯ ಚಾವಣಿಯ ಪಂಖ ಪೂರ್ಣವೇಗದಲ್ಲಿ ಸೆಕೆಂಡಿಗೆ ಐದಾರು ಸುತ್ತು ಹೋದೀತು. ಅದರ ಐದರಷ್ಟು ವೇಗದಲ್ಲಿ ಕಾತ್ರಜದಿಂದ ನಿಗಡಿಯಷ್ಟು ಅಗಲದ ಗುಂಡು ಗಿರಗಿರನೆ ತಿರುಗುತ್ತಿದೆ ಎಂದು ಭಾವಿಸಿರಿ.

ಈ ನಕ್ಷತ್ರವನ್ನು ಆಸ್ಟ್ರೋಸ್ಯಾಟ್ ಹದಿನೆಂಟು ತಿಂಗಳಲ್ಲಿ ಮತ್ತೆಮತ್ತೆ, ಒಟ್ಟು ಸುಮಾರು ೮ ಲಕ್ಷ ಸೆಕೆಂಡು ನೋಡಿತು. ಹುಡುಕುತ್ತಿದ್ದುದು ಕಿರಣದ ಧ್ರುವೀಕರಣವನ್ನು. ಈ ಶಬ್ದ ಹೊಸದಾದವರಿಗೆ ಒಂದು ಮಾತು. ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿಯನ್ನು ಕಿಟಕಿಯ ನೆಟ್ಟಗಿನ ಸರಳುಗಳ ನಡುವೆ ತೂರಿಸಿ ಹಿಡಿದು ಮೇಲೆಕೆಳಗೆ ಅಲ್ಲಾಡಿಸಿದರೆ ಅಲೆ ಸರಳುಗಳನ್ನು ದಾಟುತ್ತದೆ. ಪಕ್ಕಪಕ್ಕಕ್ಕೆ ಅಲ್ಲಾಡಿಸಿದರೆ ಸರಳಿಗೆ ತಾಗಿ ನಿಲ್ಲುತ್ತದೆ. ಬೆಳಕಿನ ಅಲೆಗಳೂ ಹೀಗೆ ಒಂದು ನಿಶ್ಚಿತ ದಿಕ್ಕಿನಲ್ಲಿ ಅಲ್ಲಾಡಬಹುದು. ಆ ದಿಕ್ಕು ತಿಳಿದರೆ ಕಿರಣ ಹುಟ್ಟಿದ ಜಾಗದ ಕಾಂತಕ್ಷೇತ್ರ ಯಾವ ಕಡೆಗೆ ಹರಿದಿದೆಯೆಂದು ತಿಳಿಯುತ್ತದೆ. ಸ್ಫಟಿಕದ ಒಂದು ಚೌಕಕ್ಕೆ ಬಡಿದ ಕಿರಣಕಣವು ಕೆಲವೊಮ್ಮೆ ಸಿಡಿದು ಪಕ್ಕದ ಚೌಕಕ್ಕೆ ಹಾರುತ್ತದೆ. ಯಾವ ಪಕ್ಕಕ್ಕೆ ಹೆಚ್ಚು ಸಲ ಹಾರಿತೆಂಬ ಲೆಕ್ಕದಿಂದ ಅಲೆಯ ದಿಕ್ಕನ್ನು ಕಂಡುಹಿಡಿಯಬಹುದು. ಇಂತಹ ಜೋಡಿ-ಬಡಿತಗಳು ಅಪರೂಪ. ಅದಕ್ಕೇ ಅಷ್ಟು ದೀರ್ಘಕಾಲ ಕಾಯಬೇಕಾಯಿತು.

ಕಾಯುವುದರ ಜೊತೆಗೆ ತಾಳ ತಪ್ಪದಂತೆ ನೋಡಿಕೊಳ್ಳುವುದೂ ಬೇಕಿತ್ತು. ಮೂವತ್ತರ ಒಂದು ಸೆಕೆಂಡಿನಲ್ಲಿ ಮುಗಿಯುವ ಸುತ್ತಿನಲ್ಲಿ ಪ್ರತಿ ಕಿರಣಕಣ ಯಾವ ಘಳಿಗೆಯಲ್ಲಿ ಬಂದಿತೆಂದು ಗುರುತಿಸಬೇಕು. ಈ ನಕ್ಷತ್ರವೋ ದಿನದಿನಕ್ಕೂ ಒಂದಿಷ್ಟು ನಿಧಾನವಾಗುತ್ತಿದೆ; ಒಂದು ಸುತ್ತಿಗೆ ಹಿಡಿಯುವ ಕಾಲವು ದಿನಕ್ಕೆ ಸೆಕೆಂಡಿನ ಸುಮಾರು ಮೂರು ಕೋಟಿಯ ಒಂದು ಭಾಗದಂತೆ ಬೆಳೆಯುತ್ತದೆ. ಆ ತಾಳವನ್ನು ನೆಲದ ಮೇಲಿಂದ ಹಿಡಿದುಕೊಟ್ಟವರು ಉದಕಮಂಡಲದ ರೇಡಿಯೋ ದೂರದರ್ಶಕದವರು ಮತ್ತು ನಮ್ಮ ನೆರೆಯ ಖೋಡದಿನವರು. ಪುಣೆ-ನಾಶಿಕ ರಸ್ತೆಯಲ್ಲಿ ನಾರಾಯಣಗಾವದ ಬಳಿ, ಪುಣೆಯಿಂದ ಎಂಬತ್ತು ಕಿಲೋಮೀಟರು ದೂರದಲ್ಲಿ, ೪೫ ಮೀಟರು ಅಗಲದ ಮೂವತ್ತು ತಟ್ಟೆಗಳನ್ನು ಆಕಾಶಕ್ಕೆ ಒಡ್ಡಿ ನಿಲ್ಲಿಸಿರುವ ಆ ಕೇಂದ್ರವನ್ನು ನಾಶಿಕದ ಬಸ್ಸಿನಲ್ಲಿ ಹೋಗುವ ನಮ್ಮವರು ಎಷ್ಟು ಸಲ ಹಾದುಹೋಗಿಲ್ಲ!

ಫಲಿತಾಂಶವು ೨೦೧೭ರ ನವೆಂಬರಿನಲ್ಲಿ ಪ್ರಕಟವಾಯಿತು. ಅಹಮದಾಬಾದಿನ ಭೌತಿಕ ಸಂಶೋಧನಾಲಯದ ಸಂತೋಷ ವಡವಳೆಯವರು ಮೊದಲ ಲೇಖಕರು. ಟಾಟಾ ಸಂಸ್ಥೆಯ ಎ. ಆರ್. ರಾವ್, ಆಯುಕಾದ ದೀಪಂಕರ ಭಟ್ಟಾಚಾರ್ಯ ಮೊದಲಾದವರು ಜೊತೆಗಾರರು. ದೀಪಸ್ತಂಭದ ಕಿರಣ ನಮ್ಮ ಕಡೆಗೆ ಬೀಳದ ಅವಧಿಯಲ್ಲಿ, ಅಂದರೆ ನಾಡಿಯ ಎರಡು ಬಡಿತಗಳ ನಡುವಿನ ಮೌನದಲ್ಲಿ, ವಿಶೇಷವೇನೂ ಇರಬಾರದೆಂದು ಬಹುಮಂದಿ ಪಂಡಿತರ ಎಣಿಕೆಯಾಗಿತ್ತು. ಸುತ್ತಲಿನ ನೀಹಾರಿಕೆಯ ಸ್ಥಿರವಾದ ಕಿರಣವಷ್ಟೇ ಇರಬೇಕು. ಆದರೆ ಧ್ರುವೀಕರಣವು ಎಲ್ಲಕ್ಕಿಂತ ಹೆಚ್ಚಾಗಿ ಏರಿಳಿದದ್ದು ಆ ಮೌನದಲ್ಲಿಯೇ. ದೀಪ ಆಚೆಗೆ ತಿರುಗಿದಾಗಲೂ ನಕ್ಷತ್ರ ಏನನ್ನೋ ಮಾಡುತ್ತಲೇ ಇದೆ ಎಂದು ಇದರರ್ಥ. ಅದುವರೆಗಿನ ಯಾವ ಸಿದ್ಧಾಂತಕ್ಕೂ ಇದು ಸರಿಹೊಂದಲಿಲ್ಲ.

ಒಂದು ಉಪಕರಣದ ಮಾತನ್ನು ಇನ್ನೊಂದು ಉಪಕರಣ ಪರೀಕ್ಷಿಸದೆ ಪೂರ್ತಿ ನಂಬುವುದು ವಿಜ್ಞಾನದ ಪದ್ಧತಿಯಲ್ಲ. ಗಲ್ಲಾದಲ್ಲಿ ಎಣಿಸಿದ ಹಣವನ್ನು ಮಾಲಿಕನು ಮತ್ತೊಮ್ಮೆ ಎಣಿಸಿ ನೋಡುವುದು ಅಪನಂಬಿಕೆಯಿಂದಲ್ಲ, ರೂಢಿಯಿಂದ. ಅಮೆರಿಕದ ಐಕ್ಸ್‌ಪಿ ಎಂಬ ಉಪಗ್ರಹವು ೨೦೨೧ರ ಡಿಸೆಂಬರಿನಲ್ಲಿ ಹಾರಿ ಮೃದು ಕ್ಷ-ಕಿರಣಗಳಲ್ಲಿ ಧ್ರುವೀಕರಣವನ್ನಳೆಯತೊಡಗಿತು. ೨೦೨೪ರ ಜನವರಿ ೧ರಂದು ನಮ್ಮದೇ ಎಕ್ಸ್‌ಪೋಸ್ಯಾಟ್ ಹಾರಿತು. ಅದರ ಮುಖ್ಯ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದದ್ದು, ಅದು ಮೊದಮೊದಲು ನೋಡಿದವುಗಳಲ್ಲಿ ಏಡಿಯ ನಕ್ಷತ್ರವೂ ಒಂದು. ಆದರೆ ಅದರ ಕಿರಣಗಳ ಶಕ್ತಿ ಪುಣೆಯ ಉಪಕರಣ ಅಳೆದದ್ದಕ್ಕಿಂತ ಕಡಿಮೆಯದು. ಅಷ್ಟು ತೀಕ್ಷ್ಣವಾದ ಕಿರಣಗಳಲ್ಲಿ ಆ ಮೌನವನ್ನು ಕೇಳಿಸಿಕೊಳ್ಳಬೇಕಾದರೆ ಆಸ್ಟ್ರೋಸ್ಯಾಟ್ ಇನ್ನಷ್ಟು ಕಾಲ ಬಾಳಬೇಕು, ಇಲ್ಲವೆ ಅದಕ್ಕೊಬ್ಬ ಉತ್ತರಾಧಿಕಾರಿ ಬರಬೇಕು.

ಬಾಳುವ ಮಾತು ಸುಲಭವಲ್ಲ. ಐದು ವರ್ಷ ದುಡಿದರೆ ಸಾಕೆಂದು ಕಟ್ಟಿದ ಆಸ್ಟ್ರೋಸ್ಯಾಟಿಗೆ ೨೦೨೫ರ ಸೆಪ್ಟೆಂಬರಿನಲ್ಲಿ ಹತ್ತು ವರ್ಷ ತುಂಬಿತು. ಅಷ್ಟರಲ್ಲಿ ಅಂಗಗಳು ಸವೆದಿವೆ. ಮೂರು ಅನಿಲಪೆಟ್ಟಿಗೆಗಳಲ್ಲಿ ಒಂದರ ಅನಿಲ ಸೋರಿ ೨೦೧೮ರಲ್ಲಿಯೇ ಅದನ್ನು ನಿಲ್ಲಿಸಬೇಕಾಯಿತು. ೬೫೦ ಕಿಲೋಮೀಟರು ಎತ್ತರಕ್ಕೆ ಬೆಸುಗೆಯವನನ್ನು ಕಳಿಸುವಂತಿಲ್ಲ. ಆದರೂ ಹತ್ತು ವರ್ಷ ಸಣ್ಣ ಆಯುಷ್ಯವಲ್ಲ. ೨೦೧೬ರ ಫೆಬ್ರವರಿಯಲ್ಲಿ ಹಾರಿದ ಜಪಾನಿನ 'ಹಿತೋಮಿ' ಎಂಬ ಬಹುಮೂಲ್ಯ ಕ್ಷ-ಕಿರಣ ಉಪಗ್ರಹವು ತಪ್ಪು ಆಜ್ಞೆಯಿಂದ ಬುಗುರಿಯಂತೆ ತಿರುಗಿ ಮುಂದಿನ ತಿಂಗಳಲ್ಲಿಯೇ ಮುರಿದುಹೋದದ್ದನ್ನು ನೆನೆದರೆ ನಮ್ಮವರ ಜಾಗರೂಕತೆಯ ಬೆಲೆ ತಿಳಿಯುತ್ತದೆ.

ಇದರಿಂದ ಹೊಟ್ಟೆ ತುಂಬುವುದೇ?

ಹೀಗೊಂದು ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೂ ಹೌದು. ಹನ್ನೆರಡು ತಾಸು ನಿಂತು ದುಡಿಯುವವನು ಕೇಳಿದರೆ ಅದನ್ನು ಉದ್ಧಟತನವೆನ್ನಲಾಗದು. ಹೊಟ್ಟೆ ತುಂಬುವುದಿಲ್ಲವೆಂದೇ ನಮ್ಮ ಉತ್ತರ. ನ್ಯೂಟ್ರಾನ್ ನಕ್ಷತ್ರದಿಂದ ಗೋದಿಯ ಬೆಲೆ ಇಳಿಯದು. ಬೇರೆ ಉತ್ತರವನ್ನು ಕೊಡುವವರು ಸರಕಾರಿ ಭಾಷಣ ಮಾಡುತ್ತಿದ್ದಾರೆಂದು ತಿಳಿಯತಕ್ಕದ್ದು.

ಆದರೆ ಲಕ್ಷ್ಮೀ ರಸ್ತೆಯ ಸರಾಫರ ಅಂಗಡಿಗಳ ಸಾಲನ್ನು ಕುರಿತು ಒಂದು ಮಾತಿದೆ. ೨೦೧೭ರ ಆಗಸ್ಟ್ ೧೭ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಬಡಿದ ಕಂಪನವನ್ನು ಅಮೆರಿಕ ಮತ್ತು ಇಟಲಿಯ ಉಪಕರಣಗಳು ಹಿಡಿದವು. ಆಗ ಆಸ್ಟ್ರೋಸ್ಯಾಟಿಗೂ ಆ ದಿಕ್ಕಿಗೂ ನಡುವೆ ಭೂಮಿಯೇ ಅಡ್ಡವಾಗಿದ್ದುದರಿಂದ ಅದಕ್ಕೆ ಏನೂ ಕಾಣಲಿಲ್ಲ. ಕಾಣದಿದ್ದುದೂ ದಿಕ್ಕನ್ನು ನಿಶ್ಚಯಿಸುವಲ್ಲಿ ಒಂದು ಸಾಕ್ಷ್ಯವಾಯಿತು. ಆ ಡಿಕ್ಕಿಯ ಬೆಳಕನ್ನು ಪರೀಕ್ಷಿಸಿದವರು, ಚಿನ್ನದಂತಹ ಭಾರವಾದ ಧಾತುಗಳು ಇಂತಹ ಘರ್ಷಣೆಗಳಲ್ಲಿ ಹುಟ್ಟುತ್ತವೆಂಬುದಕ್ಕೆ ಬಲವಾದ ಆಧಾರವನ್ನು ಕಂಡರು. ಅಂದರೆ ಊರಿನಲ್ಲಿರುವ ತಂಗಿಯ ಮದುವೆಗೆಂದು ನಮ್ಮ ಮಾಣಿ ವರ್ಷಗಟ್ಟಲೆ ಸಂಬಳ ಕೂಡಿಹಾಕಿ ಕೊಳ್ಳುವ ಎರಡು ತೊಲ ಬಂಗಾರದಲ್ಲಿ ಸತ್ತ ನಕ್ಷತ್ರಗಳ ಪಾಲು ಇರುವುದು ಬಹುಮಟ್ಟಿಗೆ ಸಂಭವನೀಯ. ಕೋಲಾರದ ಗಣಿಯ ಚಿನ್ನಕ್ಕೂ ಇದೇ ಮಾತು.

ನಮ್ಮ ಚಿಂತೆ ಬೇರೆಯದು. ೨೦೧೮ರ ಸೆಪ್ಟೆಂಬರಿನಿಂದ ಆಸ್ಟ್ರೋಸ್ಯಾಟಿನ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ. ವೀಕ್ಷಣೆಗೆ ಅರ್ಜಿ ಹಾಕಿದ ವಿಜ್ಞಾನಿಗೆ ಕೆಲಕಾಲ ಮೀಸಲು; ಆಮೇಲೆ ಜಗತ್ತಿನ ಯಾರಾದರೂ ಅದನ್ನು ಬಿಡಿಗಾಸಿಲ್ಲದೆ ಪಡೆಯಬಹುದು. ಅದನ್ನು ಬಳಸುವ ವಿಧಾನವನ್ನು ಕಲಿಸಲು ಆಯುಕಾದಲ್ಲಿ ಸಹಾಯ ಕೇಂದ್ರವುಂಟು; ಕಾಲೇಜಿನ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಕಾರ್ಯಾಗಾರಗಳಾಗುತ್ತವೆ. ಹತ್ತು ವರ್ಷದ ದಾಖಲೆಯಲ್ಲಿ ಯಾರೂ ಸರಿಯಾಗಿ ತಿರುವಿ ನೋಡದ ಪುಟಗಳು ಎಷ್ಟೋ ಇರಲೇಬೇಕು. ಆ ಪುಟಗಳನ್ನು ತಿರುವುವವರಲ್ಲಿ ನಮ್ಮ ಮಕ್ಕಳು ಎಷ್ಟು ಮಂದಿ? ಗುಮಾಸ್ತನ ಮಗ ಭೌತಶಾಸ್ತ್ರದಲ್ಲಿ ಪದವಿ ಪಡೆದ ಮರುದಿನವೇ ಬ್ಯಾಂಕಿನ ಪರೀಕ್ಷೆಗೆ ಕೂರುತ್ತಾನೆ. ಮನೆಯ ಪರಿಸ್ಥಿತಿ ಹಾಗಿರುತ್ತದೆ, ಅವನನ್ನು ದೂಷಿಸುವಂತಿಲ್ಲ. ಆದರೆ ಮನೆಯಿಂದ ಅರ್ಧ ತಾಸಿನ ಬಸ್ಸಿನ ದಾರಿಯಲ್ಲಿ ಇಂತಹ ಬಾಗಿಲೊಂದು ತೆರೆದಿದೆಯೆಂಬುದನ್ನು ಅವನಿಗೆ ಯಾರೂ ಹೇಳದೆ ಹೋದರೆ ಅದು ನಮ್ಮೆಲ್ಲರ ದೋಷ. ಶ್ರೀಕಂಠನ್ ಅವರಿಗೂ ರಾಯರಿಗೂ ಮನೆಯ ಹಿತ್ತಲಲ್ಲಿ ಇಂತಹ ಕೇಂದ್ರವಿರಲಿಲ್ಲ. ಅವರು ದೂರದ ಊರುಗಳಿಗೆ ಹೋಗಬೇಕಾಯಿತು. ನಾವಾದರೋ ದೂರದ ಊರಿಗೆ ಈಗಾಗಲೇ ಬಂದಿದ್ದೇವೆ.

ಫೆಬ್ರವರಿ ೨೮ರ ರಾಷ್ಟ್ರೀಯ ವಿಜ್ಞಾನ ದಿನದ ಸಂದರ್ಭದಲ್ಲಿ ಆಯುಕಾ ತನ್ನ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯುವ ಪದ್ಧತಿಯುಂಟು. ಅಂಗಳದಲ್ಲಿ ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್ ಈ ನಾಲ್ವರ ಪ್ರತಿಮೆಗಳನ್ನು ಕಾಣಬಹುದು. ವಿಜ್ಞಾನಿಗಳನ್ನು ಪ್ರಶ್ನೆ ಕೇಳಬಹುದು. ಪ್ರಶ್ನೆಯನ್ನು ಹಿಂದಿಯಲ್ಲಾಗಲಿ ಮರಾಠಿಯಲ್ಲಾಗಲಿ ಕೇಳಲು ಪುಣೆಯ ನೀರು ಕುಡಿದ ನಮ್ಮವರಿಗೆ ಕಷ್ಟವಿಲ್ಲ.

ಅಷ್ಟು ಬಿಡುವಿಲ್ಲದವರು ಡಿಸೆಂಬರಿನ ನಡುರಾತ್ರಿ ಶಟರು ಎಳೆದು ಬೀಗ ಹಾಕಿ ಹೊರಬಂದಾಗ ನೆತ್ತಿಯ ಮೇಲೆ ನೋಡಿದರೂ ಸಾಕು. ಕೆಂಪಗೆ ಹೊಳೆಯುವ ರೋಹಿಣಿ ವೃಷಭನ ಕಣ್ಣು. ಅಲ್ಲಿಂದ ಪೂರ್ವಕ್ಕೆ ಚಾಚಿದ ಎರಡು ಕೊಂಬುಗಳ ತುದಿಯಲ್ಲಿ ಒಂದೊಂದು ಚುಕ್ಕೆ. ಅವುಗಳಲ್ಲಿ ದಕ್ಷಿಣದ ಮಂಕಾದ ಚುಕ್ಕೆಯ ಮಗ್ಗುಲಲ್ಲಿಯೇ ಏಡಿ ನೀಹಾರಿಕೆ ಇರುವುದು. ಡಿಸೆಂಬರಿನ ಮಧ್ಯಭಾಗದಲ್ಲಿ ಹನ್ನೆರಡು ಗಂಟೆಯ ಸುಮಾರಿಗೆ ಅದು ಪುಣೆಯ ನೆತ್ತಿಗೆ ಬರುತ್ತದೆ. ಬರಿಗಣ್ಣಿಗೆ ಅಲ್ಲಿ ಏನೂ ಕಾಣದು. ಊರ ದೀಪಗಳಿಂದ ದೂರ ಹೋಗಿ ಸಣ್ಣದೊಂದು ದೂರದರ್ಶಕದಿಂದ ನೋಡಿದರೆ ಮಬ್ಬು ಮಚ್ಚೆಯೊಂದು ಸಿಕ್ಕೀತು.